ಫೋನ್ ಎತ್ತಿದವರಿಗೇ ಕೆಲಸ: ಸಣ್ಣ ಪ್ಲಂಬಿಂಗ್ ವ್ಯವಹಾರದವರಿಗೆ ಮಾರ್ಗದರ್ಶಿ

ನನ್ನದು ಬೆಂಗಳೂರಿನಲ್ಲಿ ಪೈಪು, ಫಿಟ್ಟಿಂಗು ಮಾರುವ ಅಂಗಡಿ. ಪ್ಲಂಬರ್‌ಗಳು ದಿನಾ ಬಂದು ಹೋಗುತ್ತಾರೆ. ಈ ಬರಹ ಓದುವವರಲ್ಲೂ ಪ್ಲಂಬಿಂಗ್ ಮಾಡುವವರು ಬಹಳ ಮಂದಿ ಇದ್ದೀರಿ. ಎಲ್ಲರೂ ತಿರುಗಿಸಿ ಮುರುಗಿಸಿ ಕೇಳುವುದು ಒಂದೇ ಪ್ರಶ್ನೆ: "ಕೆಲಸ ಕಮ್ಮಿ ಆಗಿದೆ. ಆನ್‌ಲೈನಲ್ಲಿ ಜಾಹೀರಾತು ಹಾಕಿದರೆ ಜಾಸ್ತಿ ಆಗುತ್ತಾ?"

ಕೌಂಟರಿನ ಈಚೆ ಕೂತವನಿಗೆ ಇನ್ನೊಂದು ಮಾತೂ ಕೇಳಿಸುತ್ತದೆ. ಮನೆಯವರು ಬಂದು ಹೇಳುತ್ತಾರೆ: "ನೀವು ಕೊಟ್ಟ ನಂಬರಿಗೆ ಮೂರು ಸಲ ಮಾಡಿದೆ, ಎತ್ತಲೇ ಇಲ್ಲ. ಬೇರೆ ಯಾರಾದರೂ ಇದ್ದಾರಾ?" ನಾನು ಬೇರೆ ನಂಬರ್ ಕೊಡುತ್ತೇನೆ. ಕೊಡದೆ ಏನು ಮಾಡಲಿ?

ಹಾಗಾಗಿ ನನ್ನ ಉತ್ತರ ಇಷ್ಟೇ. ಜಾಹೀರಾತಿಗೆ ದುಡ್ಡು ಹಾಕುವ ಮೊದಲು ಫೋನ್ ಸರಿ ಮಾಡಿಕೊಳ್ಳಿ. ಈಗ ಬರುತ್ತಿರುವ ಕರೆಯೇ ಕೈತಪ್ಪುತ್ತಿದ್ದರೆ, ಜಾಹೀರಾತು ತರುವ ಕರೆಯೂ ಅದೇ ದಾರಿ ಹಿಡಿಯುತ್ತದೆ.

ಬೇರೆ ಕಸುಬಿಗಿಂತ ಪ್ಲಂಬಿಂಗ್‌ನಲ್ಲಿ ಇದು ಯಾಕೆ ಮುಖ್ಯ? ಪೇಂಟಿಂಗ್ ಮಾಡಿಸುವವರು ನಾಲ್ಕು ಕಡೆ ವಿಚಾರಿಸುತ್ತಾರೆ, ಒಂದು ವಾರ ಕಾಯುತ್ತಾರೆ. ಪೈಪ್ ಒಡೆದವರು ಕಾಯುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಡೆದ ಜಾಗದಿಂದ ನಿಮಿಷಕ್ಕೆ 15 ಲೀಟರ್ ಹೋಗುತ್ತಿದ್ದರೆ, 1000 ಲೀಟರಿನ ಟ್ಯಾಂಕ್ ಒಂದು ಗಂಟೆ ಏಳು ನಿಮಿಷದಲ್ಲಿ ಖಾಲಿ. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಅದು ಎರಡು ದಿನದ ನೀರು. ಅಂಥ ಹೊತ್ತಿನಲ್ಲಿ ಯಾರೂ ರೇಟ್ ಕೇಳುವುದಿಲ್ಲ. ಮೊದಲು ಎತ್ತಿದವರನ್ನು ಕರೆಸುತ್ತಾರೆ. ಅಲ್ಲಿಗೆ ಮುಗಿಯುವುದೂ ಇಲ್ಲ. ಇವತ್ತು ನಲ್ಲಿ ಸರಿ ಮಾಡಿದವರ ನಂಬರೇ ಆ ಮನೆಯ ಫೋನಿನಲ್ಲಿ "ಪ್ಲಂಬರ್" ಎಂದು ಸೇವ್ ಆಗುತ್ತದೆ. ನಾಳೆ ಬಾತ್‌ರೂಮ್ ಪೂರ್ತಿ ಕಿತ್ತು ಹೊಸದಾಗಿ ಮಾಡಿಸುವಾಗ ಹೋಗುವುದೂ ಆ ನಂಬರಿಗೇ.

ಏನೇನು ಬೇಕು

ದೊಡ್ಡ ಖರ್ಚೇನಿಲ್ಲ. ಎರಡು ಸಿಮ್ ಹಿಡಿಸುವ ಫೋನ್, ಒಂದು ನೆಕ್‌ಬ್ಯಾಂಡ್ (ಕತ್ತಿಗೆ ಹಾಕಿಕೊಳ್ಳುವ ಬ್ಲೂಟೂತ್ ಇಯರ್‌ಫೋನ್), ವಾಟ್ಸ್ಆ್ಯಪ್ ಬ್ಯುಸಿನೆಸ್ ಆ್ಯಪ್ (ಇದು ಉಚಿತ), ಒಂದು ನೂರು ಪುಟದ ನೋಟ್‌ಬುಕ್. ಇವುಗಳ ಜೊತೆಗೆ, ನಿಮ್ಮ ಕೈ ಖಾಲಿ ಇಲ್ಲದಾಗ ಫೋನ್ ಎತ್ತುವ ಇನ್ನೊಬ್ಬರು. ಈ ಕೊನೆಯದೇ ಕಷ್ಟದ್ದು. ಅದಕ್ಕೆ ಮೂರನೇ ಹಂತದಲ್ಲಿ ಬರುತ್ತೇನೆ.

ಹಂತ 1: ಒಂದು ವಾರ ಸುಮ್ನೆ ಲೆಕ್ಕ ಇಡಿ

ಏನನ್ನೂ ಬದಲಾಯಿಸಬೇಡಿ. ದಿನಾ ರಾತ್ರಿ ಫೋನಿನ ಕರೆಪಟ್ಟಿ ತೆಗೆದು ನಾಲ್ಕು ಸಂಖ್ಯೆ ಬರೆದುಕೊಳ್ಳಿ: ಕೆಲಸಕ್ಕಾಗಿ ಬಂದ ಕರೆ ಎಷ್ಟು, ಎತ್ತದೆ ಬಿಟ್ಟಿದ್ದು ಎಷ್ಟು, ವಾಪಸ್ ಮಾಡಿದ್ದು ಎಷ್ಟು, ವಾಪಸ್ ಮಾಡಿದಾಗ "ಬೇರೆಯವರು ಬಂದರು" ಎಂದಿದ್ದು ಎಷ್ಟು. ಯಾವ ಹೊತ್ತಿನಲ್ಲಿ ತಪ್ಪಿತು ಎನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ.

ವಾರದ ಕೊನೆಗೆ ದುಡ್ಡಿನ ಲೆಕ್ಕ ಮಾಡಿ. ಉದಾಹರಣೆಗೆ, ನಾಲ್ಕು ಕೆಲಸ ತಪ್ಪಿವೆ, ನಿಮಗೆ ಒಂದು ಸಣ್ಣ ಕೆಲಸದಲ್ಲಿ ಕೂಲಿ 600 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ವಾರಕ್ಕೆ 2,400. ತಿಂಗಳಿಗೆ ಹತ್ತಿರ ಹತ್ತಿರ 10,000. ಇದು ಬರೀ ಉದಾಹರಣೆ, ನಿಮ್ಮ ಸಂಖ್ಯೆ ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ. ಆದರೆ ಈ ಲೆಕ್ಕ ಮಾಡದೆ ಮುಂದಕ್ಕೆ ಹೋಗಬೇಡಿ. ಫೋನ್ ಎತ್ತಲು ಹೆಲ್ಪರ್‌ಗೆ ದಿನಕ್ಕೆ 100 ರೂಪಾಯಿ ಜಾಸ್ತಿ ಕೊಡುವುದು ದುಬಾರಿಯೋ ಅಗ್ಗವೋ ಎಂದು ತಿಳಿಯುವುದು ಇದರಿಂದಲೇ.

ಹಂತ 2: ನಂಬರನ್ನೂ ಫೋನನ್ನೂ ರಿಪೇರಿ ಮಾಡಿ

ಕೆಲಸಕ್ಕೆ ಒಂದೇ ನಂಬರ್ ಇರಲಿ. ಮನೆ, ನೆಂಟರು, ಸ್ನೇಹಿತರಿಗೆ ಇನ್ನೊಂದು ಸಿಮ್. ಕೆಲಸದ ಸಿಮ್‌ಗೆ ಬೇರೆ ರಿಂಗ್‌ಟೋನ್ ಇಡಿ. ಶಬ್ದ ಕೇಳಿದ ಕೂಡಲೇ ಗೊತ್ತಾಗಬೇಕು, ಇದು ಅನ್ನದ ಕರೆ ಎಂದು.

ಇಲ್ಲಿ ಜನ ಎಡವುವ ಜಾಗಗಳು ಹಲವು.

ರೀಚಾರ್ಜ್. ಪ್ರೀಪೇಯ್ಡ್ ಅವಧಿ ಮುಗಿದರೆ ಹೊರಗೆ ಹೋಗುವ ಕರೆ ಅಷ್ಟೇ ಅಲ್ಲ, ಸ್ವಲ್ಪ ದಿನದಲ್ಲಿ ಒಳಗೆ ಬರುವ ಕರೆಯೂ ನಿಲ್ಲುತ್ತದೆ. ಕರೆ ಮಾಡಿದವರಿಗೆ "ಈ ನಂಬರ್ ಸೇವೆಯಲ್ಲಿಲ್ಲ" ಎಂದು ಕೇಳಿಸಿದರೆ ನೀವು ಕಸುಬು ಬಿಟ್ಟಿದ್ದೀರಿ ಎಂದೇ ಅವರ ಲೆಕ್ಕ. ಕೆಲಸದ ನಂಬರಿಗೆ ದೀರ್ಘ ಅವಧಿಯ ಪ್ಲಾನ್ ಹಾಕಿಸಿಬಿಡಿ.

ಅಪರಿಚಿತರ ಕರೆ. ಸಾಲ ಬೇಕಾ, ಸೈಟ್ ಬೇಕಾ ಎನ್ನುವ ಕರೆಗಳ ಕಾಟಕ್ಕೆ ಬೇಸತ್ತು ಬಹಳ ಜನ ಫೋನಿನಲ್ಲಿ "ಅಪರಿಚಿತ ನಂಬರ್ ಸೈಲೆಂಟ್" ಎನ್ನುವ ಸೆಟ್ಟಿಂಗ್ ಹಾಕಿಕೊಂಡಿರುತ್ತಾರೆ. ಪ್ಲಂಬರ್‌ಗೆ ಇದು ತನ್ನ ಅಂಗಡಿಗೆ ತಾನೇ ಬೀಗ ಹಾಕಿದ ಹಾಗೆ. ಹೊಸ ಗಿರಾಕಿ ಯಾವಾಗಲೂ ಅಪರಿಚಿತ ನಂಬರಿನಿಂದಲೇ ಬರುವುದು, ಅಲ್ವಾ? ಆ ಸೆಟ್ಟಿಂಗ್ ತೆಗೆಯಿರಿ. ಬದಲಿಗೆ 1909ಕ್ಕೆ ಕರೆ ಮಾಡಿ ಜಾಹೀರಾತು ಕರೆ ಬೇಡ ಎಂದು ನೋಂದಾಯಿಸಿ. ನಂಬರ್ ನೋಡಿ ಗುರುತಿಸುವುದನ್ನೂ ಕಲಿಯಿರಿ. 140ರಿಂದ ಶುರುವಾದರೆ ಜಾಹೀರಾತು. 1600ರಿಂದ ಶುರುವಾದರೆ ಬ್ಯಾಂಕಿನಂಥ ಸಂಸ್ಥೆಯ ಕರೆ. ಹತ್ತು ಅಂಕಿಯ ಮೊಬೈಲ್ ನಂಬರ್, ಅಥವಾ 080, 0821, 0836ರಂತೆ ಊರಿನ ಕೋಡ್ ಇರುವ ಲ್ಯಾಂಡ್‌ಲೈನ್ ಆದರೆ ಎತ್ತಿ. ಹತ್ತರಲ್ಲಿ ಆರು ಸುಳ್ಳು ಕರೆ ಇರಬಹುದು. ಪರವಾಗಿಲ್ಲ, ಉಳಿದ ನಾಲ್ಕು ನಿಮ್ಮವು.

ನೆಟ್‌ವರ್ಕ್. ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಸಂಪಿನ ಹತ್ತಿರ, ಒಳಗಿನ ಬಾತ್‌ರೂಮ್ ಇಲ್ಲೆಲ್ಲ ಸಿಗ್ನಲ್ ಸಿಗುವುದಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ ವೈ-ಫೈ ಕಾಲಿಂಗ್ (ಟವರ್ ಇಲ್ಲದಿದ್ದರೂ ವೈ-ಫೈ ಮೂಲಕ ಮಾಮೂಲಿ ಕರೆ ಬರುವ ಸೌಲಭ್ಯ) ಆನ್ ಮಾಡಿಟ್ಟುಕೊಳ್ಳಿ. ದಿನವಿಡೀ ಒಂದೇ ಮನೆಯಲ್ಲಿ ಕೆಲಸ ಇದ್ದರೆ ವೈ-ಫೈ ಪಾಸ್‌ವರ್ಡ್ ಕೇಳಿ, ಯಾರೂ ಬೇಡ ಎನ್ನುವುದಿಲ್ಲ. ನಿಮ್ಮ ಏರಿಯಾದಲ್ಲೇ ಸಿಗ್ನಲ್ ಕೆಟ್ಟದಾಗಿದ್ದರೆ ಕಂಪನಿ ಬದಲಾಯಿಸಿ, ನಂಬರ್ ಬದಲಾಯಿಸಬೇಡಿ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಎಂಎಸ್ ಮಾಡಿದರೆ ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಗೆ ಕೊಟ್ಟರೆ ನಂಬರ್ ಹಾಗೇ ಉಳಿಯುತ್ತದೆ. ಹತ್ತು ವರ್ಷ ಜನರ ಫೋನಿನಲ್ಲಿ ಕೂತ ನಂಬರಿಗೆ ಬೆಲೆ ಕಟ್ಟಲಾಗುವುದಿಲ್ಲ.

ಹಂತ 3: ಯಾರು ಎತ್ತುತ್ತಾರೆ ಎಂದು ತೀರ್ಮಾನಿಸಿ

ನಿಜ ಹೇಳಬೇಕೆಂದರೆ ಕೆಲಸದ ನಡುವೆ ಫೋನ್ ಎತ್ತುವುದು ಸುಲಭವಲ್ಲ. ಒಂದು ಕೈಯಲ್ಲಿ ಪೈಪ್ ರೆಂಚ್, ಇನ್ನೊಂದು ಕೈಗೆಲ್ಲ ಸಾಲ್ವೆಂಟ್ (ಸಿಪಿವಿಸಿ ಪೈಪಿಗೆ ಹಚ್ಚುವ ಅಂಟು). ಅಂಟು ಹಚ್ಚಿದ ಮೇಲೆ ನಿಲ್ಲಿಸಿ ಮಾತಾಡುತ್ತಾ ಕೂತರೆ ಜಾಯಿಂಟ್ ಕೆಡುತ್ತದೆ. ಅದಕ್ಕೇ "ಯಾವಾಗಲೂ ಎತ್ತಿ" ಎಂದು ನಾನು ಹೇಳುವುದಿಲ್ಲ. ನೀವೇ ಎತ್ತಬೇಕಾಗಿಲ್ಲ. ಯಾರಾದರೂ ಎತ್ತಬೇಕು, ಮನುಷ್ಯರ ದನಿ ಕೇಳಿಸಬೇಕು, ಒಂದು ಸಮಯ ಹೇಳಬೇಕು.

ಒಬ್ಬರೇ ಕೆಲಸ ಮಾಡುವವರಾದರೆ ನೆಕ್‌ಬ್ಯಾಂಡ್ ಹಾಕಿಕೊಳ್ಳಿ. ಕತ್ತಿನ ಬಳಿಯ ಗುಂಡಿ ಒತ್ತಿ "ಸರ್, ಕೆಲಸದಲ್ಲಿದ್ದೀನಿ, ಹತ್ತು ನಿಮಿಷದಲ್ಲಿ ನಾನೇ ಮಾಡ್ತೀನಿ. ನೀರು ಹರೀತಾ ಇದೆಯಾ?" ಎಂದು ಕೇಳಲು ಹದಿನೈದು ಸೆಕೆಂಡ್ ಸಾಕು. ಹರಿಯುತ್ತಿದೆ ಎಂದರೆ ಕೆಲಸ ನಿಲ್ಲಿಸಿ ಮಾತಾಡಿ. ಇಲ್ಲ ಎಂದರೆ ಹತ್ತು ನಿಮಿಷದೊಳಗೆ ಮಾಡಿ. ಹತ್ತು ಅಂದರೆ ಹತ್ತೇ.

ಹೆಲ್ಪರ್ ಇದ್ದರೆ ಫೋನ್ ಅವರ ಕೈಗೆ ಕೊಡಿ, ಆದರೆ ಮುಂದಿನ ಹಂತದ ಪ್ರಶ್ನೆಗಳನ್ನು ಕಲಿಸಿ ಕೊಡಿ. "ಅಣ್ಣ ಇಲ್ಲ, ಆಮೇಲೆ ಮಾಡಿ" ಎಂದು ಇಡುವ ಹೆಲ್ಪರ್‌ಗಿಂತ ಎತ್ತದಿರುವುದೇ ವಾಸಿ.

ಎಷ್ಟೋ ಮನೆಗಳಲ್ಲಿ ಹೆಂಡತಿಯೋ ಮಗಳೋ ಕರೆ ನೋಡಿಕೊಳ್ಳುತ್ತಾರೆ. ನನಗೆ ಗೊತ್ತಿರುವಂತೆ ಚೆನ್ನಾಗಿ ನಡೆಯುವ ವ್ಯವಸ್ಥೆ ಇದೇ. ಒಂದೇ ಮಾತು: ಅದು ಕೆಲಸ. ತಿಂಗಳಿಗೆ ಇಷ್ಟು ಎಂದು ಅವರ ಕೈಗೆ ಕೊಡಿ. ಅವರ ಸ್ವಂತ ನಂಬರ್ ಬೋರ್ಡಿನಲ್ಲಿ ಹಾಕಬೇಡಿ, ರಾತ್ರಿ ಬೇಡದ ಕರೆಗಳು ಬರುತ್ತವೆ.

ಇದಕ್ಕೆ ಕಾಲ್ ಫಾರ್ವರ್ಡಿಂಗ್ ಬೇಕು. ಅಂದರೆ ನೀವು ಎತ್ತದಿದ್ದರೆ ಕರೆ ತಾನಾಗಿ ಇನ್ನೊಂದು ನಂಬರಿಗೆ ಹೋಗುವುದು. ಫೋನಿನ ಕರೆ ಸೆಟ್ಟಿಂಗ್‌ಗೆ ಹೋಗಿ, ಕಾಲ್ ಫಾರ್ವರ್ಡಿಂಗ್ ಆರಿಸಿದರೆ ನಾಲ್ಕು ಆಯ್ಕೆ ಕಾಣುತ್ತವೆ: ಎಲ್ಲ ಕರೆ, ಬ್ಯುಸಿ ಇದ್ದಾಗ, ಎತ್ತದಿದ್ದಾಗ, ಸಿಗ್ನಲ್ ಇಲ್ಲದಾಗ. ಮೊದಲನೆಯದನ್ನು ಬಿಟ್ಟು ಉಳಿದ ಮೂರಕ್ಕೂ ಮನೆಯ ನಂಬರ್ ಹಾಕಿ. ಮುಂದಕ್ಕೆ ಹೋದ ಕರೆಯ ದುಡ್ಡು ನಿಮ್ಮ ಲೆಕ್ಕಕ್ಕೆ ಬರಬಹುದು, ಪ್ಲಾನ್ ನೋಡಿಕೊಳ್ಳಿ.

ಎಚ್ಚರಿಕೆ: ಈ ಫಾರ್ವರ್ಡಿಂಗ್ ಹೆಸರಿನಲ್ಲೇ ದೊಡ್ಡ ಮೋಸ ನಡೆದಿದೆ. ಯಾರೋ ಕಂಪನಿಯವರಂತೆ ಮಾತಾಡಿ ಸ್ಟಾರ್ 401 ಎಂದು ಶುರುವಾಗುವ ಕೋಡ್ ಒತ್ತಿಸುತ್ತಾರೆ. ಒತ್ತಿದರೆ ನಿಮ್ಮ ಕರೆಗಳು, ಓಟಿಪಿ ಹೇಳುವ ಕರೆಗಳೂ ಸೇರಿ, ಅವರಿಗೆ ಹೋಗುತ್ತವೆ. ಇದಕ್ಕೇ ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಕೋಡ್ ಒತ್ತಿ ಮಾಡುವ ಫಾರ್ವರ್ಡಿಂಗ್ ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ಸೆಟ್ಟಿಂಗಿನಲ್ಲಿ ಆಗದಿದ್ದರೆ ಸಿಮ್ ಕಂಪನಿಯ ಅಂಗಡಿಗೇ ಹೋಗಿ. ಫೋನಿನಲ್ಲಿ ಯಾರೋ ಹೇಳಿದ ಕೋಡ್ ಮಾತ್ರ ಒತ್ತಬೇಡಿ.

ಎರಡು ಹೊತ್ತಿನಲ್ಲಿ ಕರೆ ಬಂದರೂ ಎತ್ತಬೇಡಿ: ಗಾಡಿ ಓಡಿಸುವಾಗ, ಏಣಿ ಮೇಲಿರುವಾಗ. ಹೆಲ್ಮೆಟ್ಟಿನೊಳಗೆ ಫೋನ್ ತುರುಕಿ ಮಾತಾಡುತ್ತಾ ಹೋಗುವುದನ್ನು ದಿನಾ ನೋಡುತ್ತೇನೆ. ದಂಡ ಒಂದು ಕಡೆ ಇರಲಿ, ಕೈಕಾಲು ಮುರಿದರೆ ಮೂರು ತಿಂಗಳು ಕೆಲಸವೇ ಇಲ್ಲ. ಪಕ್ಕಕ್ಕೆ ನಿಲ್ಲಿಸಿ ವಾಪಸ್ ಮಾಡಿ.

ಹಂತ 4: ಎತ್ತಿದ ಮೇಲೆ ಏನು ಕೇಳಬೇಕು, ಏನು ಹೇಳಬೇಕು

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಬೇಗ ಎತ್ತಿ "ಹಾ... ಯಾರು?" ಎಂದರೆ ಬಂದ ಲಾಭ ಅಲ್ಲೇ ಹೋಯಿತು. ಹೆಸರು ಹೇಳಿ, ಪ್ಲಂಬರ್ ಎಂದು ಹೇಳಿ. "ನಮಸ್ಕಾರ, ಪ್ಲಂಬರ್ (ನಿಮ್ಮ ಹೆಸರು) ಮಾತಾಡ್ತಿರೋದು, ಹೇಳಿ ಮೇಡಂ." ಆಮೇಲೆ ಈ ಕ್ರಮದಲ್ಲಿ ಕೇಳಿ: ನೀರು ಈಗಲೂ ಹರಿಯುತ್ತಿದೆಯಾ? ಎಲ್ಲಿಂದ? ಯಾವ ಏರಿಯಾ, ಎಷ್ಟನೇ ಮಹಡಿ? ಯಾವಾಗಿನಿಂದ? ಮೊದಲ ಪ್ರಶ್ನೆಗೆ "ಹೌದು" ಎಂದರೆ ಉಳಿದದ್ದು ಆಮೇಲೆ. ನೀರು ನಿಲ್ಲಿಸುವುದು ಹೇಗೆಂದು ಅಲ್ಲೇ ಹೇಳಿಕೊಡಿ.

ಕೆಲವರಿಗೆ ಭಯ ಇದೆ, ಫೋನಿನಲ್ಲೇ ಹೇಳಿಕೊಟ್ಟರೆ ಕೆಲಸ ಹೋಗುತ್ತದೆ ಎಂದು. ಕೌಂಟರಿನಲ್ಲಿ ಕೂತು ನಾನು ಕಂಡಿದ್ದು ಉಲ್ಟಾ. ನೀರು ನಿಂತ ಕೂಡಲೇ ಅವರಿಗೆ ಉಸಿರು ಬರುತ್ತದೆ, ನಿಮ್ಮ ಮೇಲೆ ನಂಬಿಕೆ ಬರುತ್ತದೆ, ಇನ್ನೊಬ್ಬರಿಗೆ ಕರೆ ಮಾಡುವುದು ನಿಲ್ಲುತ್ತದೆ. ನಿಮಗೂ ಕೈಯಲ್ಲಿರುವ ಕೆಲಸ ಮುಗಿಸಿಕೊಂಡು ಹೋಗಲು ಎರಡು ಗಂಟೆ ಸಿಗುತ್ತದೆ.

ನಲ್ಲಿ, ಫ್ಲಶ್ ಟ್ಯಾಂಕ್, ಹೆಲ್ತ್ ಫಾಸೆಟ್ (ಕಮೋಡಿನ ಪಕ್ಕದ ಕೈ ಶವರ್) ಸೋರುತ್ತಿದ್ದರೆ ಅದರ ಕೆಳಗಿನ ಆಂಗಲ್ ಕಾಕ್ (ಗೋಡೆಯಿಂದ ಹೊರಬರುವ ಸಣ್ಣ ನಲ್ಲಿ) ಬಲಕ್ಕೆ ತಿರುಗಿಸಿ ಮುಚ್ಚಲು ಹೇಳಿ.

ಪೈಪೇ ಒಡೆದಿದ್ದರೆ ಟ್ಯಾಂಕಿನಿಂದ ಇಳಿಯುವ ಲೈನಿನ ವಾಲ್ವ್ ಮುಚ್ಚಿಸಬೇಕು. ಚಕ್ರದಂಥ ಹಿಡಿ ಇದ್ದರೆ ಗೇಟ್ ವಾಲ್ವ್, ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಉದ್ದ ಹಿಡಿ ಇದ್ದರೆ ಬಾಲ್ ವಾಲ್ವ್. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಪೈಪಿಗೆ ಅಡ್ಡ ಬಂದರೆ ಮುಚ್ಚಿದೆ. ಹಳೇ ಗೇಟ್ ವಾಲ್ವ್ ಬಿಗಿದುಕೊಂಡಿದ್ದರೆ ಜೋರು ಮಾಡಬೇಡಿ ಎನ್ನಿ. ಸ್ಪಿಂಡಲ್ (ಒಳಗಿನ ತಿರುಗುವ ಕಡ್ಡಿ) ಮುರಿದರೆ ಒಂದಕ್ಕೆ ಎರಡಾಗುತ್ತದೆ. ವಯಸ್ಸಾದವರನ್ನು ಟ್ಯಾಂಕಿನ ಏಣಿ ಹತ್ತಿಸಬೇಡಿ, ನೀರು ಹೋದರೆ ಹೋಗಲಿ. ಅಪಾರ್ಟ್‌ಮೆಂಟಾದರೆ ಒಂದೊಂದು ಫ್ಲಾಟಿಗೂ ಡಕ್ಟಿನಲ್ಲಿ (ಪೈಪುಗಳು ಇಳಿಯುವ ಕಿಂಡಿ) ವಾಲ್ವ್ ಇರುವುದುಂಟು. ಸೆಕ್ಯುರಿಟಿಯವರನ್ನೋ ಮೇಂಟೆನೆನ್ಸ್‌ನವರನ್ನೋ ಕರೆಯಲು ಹೇಳಿ.

ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೆ ಮೊದಲು ಮೋಟರ್ ಆಫ್. ಸಂಪು ತುಂಬಿ ಹರಿಯುತ್ತಿದ್ದರೆ ಮೀಟರ್ ಹತ್ತಿರದ ವಾಲ್ವ್ ಮುಚ್ಚಬೇಕು. ಬಹುತೇಕ ಸಂಪಿನೊಳಗಿನ ತೇಲುವ ಚೆಂಡಿನ ವಾಲ್ವ್ ಕೆಟ್ಟಿರುತ್ತದೆ. ನೀವು ಹೋಗುವಾಗ ಒಂದು ಹೊಸದನ್ನು ತಗೊಂಡು ಹೋಗಿ.

ಗೀಸರ್ ಸೋರುತ್ತಿದ್ದರೆ ಕರೆಂಟ್ ಮೊದಲು, ನೀರು ಆಮೇಲೆ. ಒದ್ದೆ ನೆಲದಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ, ಹೊರಗಿನ ಬೋರ್ಡಿನಲ್ಲಿ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಎನ್ನಿ. ಆಮೇಲೆ ಗೀಸರಿಗೆ ತಣ್ಣೀರು ಹೋಗುವ ಕಾಕ್ ಮುಚ್ಚಲಿ. ಇನ್ನೊಂದು ವಿಷಯ: ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕಾರು ಹನಿ ಬೀಳುವುದು ಸಹಜ, ಒತ್ತಡ ಬಿಡುವುದೇ ಅದರ ಕೆಲಸ. ಅಷ್ಟೇ ಆಗಿದ್ದರೆ ಹಾಗೆಂದು ಹೇಳಿ. ಸುಳ್ಳು ಕೆಲಸಕ್ಕೆ ಹೋಗದ ಪ್ಲಂಬರ್ ಎಂದು ಹೆಸರು ಬರುತ್ತದೆ.

ಕಮೋಡೋ ಸಿಂಕೋ ಬ್ಲಾಕ್ ಆಗಿದ್ದರೆ ಇನ್ನೊಮ್ಮೆ ಫ್ಲಶ್ ಮಾಡಬೇಡಿ, ಆ್ಯಸಿಡ್ ಸುರಿಯಬೇಡಿ ಎಂದು ಮೊದಲೇ ಹೇಳಿ. ಆ್ಯಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ. ಅದಿಲ್ಲದಿದ್ದರೂ, ಆ ಆ್ಯಸಿಡ್ ನೀರಿಗೆ ಆಮೇಲೆ ಕೈ ಹಾಕುವುದು ನೀವೇ. "ಈಗಾಗಲೇ ಏನಾದರೂ ಹಾಕಿದ್ದೀರಾ?" ಎನ್ನುವ ಪ್ರಶ್ನೆ ಮರೆಯಬೇಡಿ.

ಪಿಟ್ ಅಥವಾ ಸೆಪ್ಟಿಕ್ ಟ್ಯಾಂಕ್ ತುಂಬಿದೆ, ಒಬ್ಬರನ್ನು ಇಳಿಸಿ ಎಂದರೆ ಆಗುವುದಿಲ್ಲ ಎಂದೇ ಹೇಳಿ. ಒಳಗಿನ ಗ್ಯಾಸ್‌ಗೆ ಪ್ರಾಣ ಹೋಗುತ್ತದೆ. ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ, ಇಳಿಸಿದವರಿಗೆ ಜೈಲೂ ಆಗಬಹುದು. ಸಕ್ಕಿಂಗ್ ಮೆಷಿನ್ ಗಾಡಿಯವರ ನಂಬರ್ ಇಟ್ಟುಕೊಂಡಿರಿ, ಅದನ್ನು ಕೊಡಿ.

ರಸ್ತೆಯಲ್ಲಿ, ಮೀಟರಿಗಿಂತ ಆಚೆ ಸೋರುತ್ತಿದ್ದರೆ ಅದು ನಿಮ್ಮ ಕೆಲಸವಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಕರೆ ಮಾಡಲು ಹೇಳಿ. ಬೇರೆ ಊರಿನಲ್ಲಿ ನಗರಸಭೆಗೆ.

ಇಷ್ಟಾದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ತರಿಸಿಕೊಳ್ಳಿ. ಹತ್ತಿರದ್ದೊಂದು, ದೂರದ್ದೊಂದು. ನಲ್ಲಿಯ ಮೇಲಿನ ಕಂಪನಿ ಹೆಸರು ಕಾಣಲಿ. ಡೈವರ್ಟರ್ (ಬಿಸಿನೀರು, ತಣ್ಣೀರು, ಶವರ್ ಬದಲಾಯಿಸುವ ಗೋಡೆಯೊಳಗಿನ ಫಿಟ್ಟಿಂಗ್), ಗೋಡೆಯೊಳಗೆ ಕೂತ ಫ್ಲಶ್ ಟ್ಯಾಂಕ್ ಇಂಥವುಗಳ ಬಿಡಿಭಾಗ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಫೋಟೊ ತೋರಿಸಿ ಅಂಗಡಿಯಿಂದಲೇ ಸಾಮಾನು ತಗೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ. ಅರ್ಧ ಕಿತ್ತುಹಾಕಿ "ಸಾಮಾನು ತರ್ತೀನಿ" ಎಂದು ಹೋದ ಪ್ಲಂಬರ್ ಮೇಲೆ ಮನೆಯವರಿಗೆ ಎಷ್ಟು ಸಿಟ್ಟಿರುತ್ತದೆ ಎಂದು ನನ್ನ ಅಂಗಡಿಯಲ್ಲಿ ನಿಂತು ಕೇಳಬೇಕು.

ಹಂತ 5: ಸಮಯ ಹೇಳಿ, ದುಡ್ಡು ಹೇಳಿ

"ಐದು ನಿಮಿಷ ಸರ್, ದಾರೀಲಿದ್ದೀನಿ." ನಮ್ಮ ಕಸುಬಿನವರು ಹೇಳುವ ಅತಿ ದೊಡ್ಡ ಸುಳ್ಳು ಇದು. ಕರೆ ತಪ್ಪಿಸಿಕೊಂಡಿದ್ದಕ್ಕಿಂತ ಇದರಿಂದಲೇ ಹೆಸರು ಜಾಸ್ತಿ ಕೆಡುತ್ತದೆ. ಅವರು ಆಫೀಸಿಗೆ ರಜೆ ಹಾಕಿ ಕೂತಿರುತ್ತಾರೆ. "ಹನ್ನೊಂದರಿಂದ ಹನ್ನೆರಡರೊಳಗೆ" ಎಂದು ಒಂದು ಗಂಟೆಯ ಅವಕಾಶ ಇಟ್ಟು ಹೇಳಿ. ತಡವಾಗುವುದಾದರೆ ಅವರು ಕೇಳುವ ಮೊದಲೇ ನೀವು ತಿಳಿಸಿ.

ಬಂದು ನೋಡುವುದಕ್ಕೆ ವಿಸಿಟಿಂಗ್ ಚಾರ್ಜ್ ಎಷ್ಟು, ಕೆಲಸ ಮಾಡಿಸಿದರೆ ಅದು ಕೂಲಿಯಲ್ಲಿ ಕಳೆಯುತ್ತದೆಯೋ ಇಲ್ಲವೋ ಎನ್ನುವುದನ್ನು ಫೋನಿನಲ್ಲೇ ಹೇಳಿ. ನೋಡದ ಕೆಲಸಕ್ಕೆ ಒಟ್ಟು ಮೊತ್ತ ಮಾತ್ರ ಹೇಳಬೇಡಿ. ಗೋಡೆ ಒಡೆಯಬೇಕೋ ಬೇಡವೋ ನಿಮಗೇ ಗೊತ್ತಿರುವುದಿಲ್ಲ.

ಬರಲು ಆಗುವುದಿಲ್ಲವೇ? ಆಗುವುದಿಲ್ಲ ಎನ್ನಿ, ಮತ್ತೊಬ್ಬ ನಂಬಿಕಸ್ಥ ಪ್ಲಂಬರ್ ನಂಬರ್ ಕೊಡಿ. ಹತ್ತಿರದ ಇಬ್ಬರು ಮೂವರು ಹೀಗೆ ಒಪ್ಪಂದ ಮಾಡಿಕೊಂಡರೆ ಒಬ್ಬರ ತುಂಬಿದ ದಿನ ಇನ್ನೊಬ್ಬರ ಹೊಟ್ಟೆ ತುಂಬುತ್ತದೆ.

ಹಂತ 6: ಬರೆದಿಡಿ

ಕರೆ ಮುಗಿದ ಕೂಡಲೇ ನಂಬರನ್ನು ಹೆಸರು, ಏರಿಯಾ, ಕೆಲಸ ಮೂರೂ ಸೇರಿಸಿ ಸೇವ್ ಮಾಡಿ. ಆರು ತಿಂಗಳ ನಂತರ ಅದೇ ನಂಬರ್ ಬಂದಾಗ "ಮೇಡಂ, ಗೀಸರ್ ಚೆನ್ನಾಗಿದೆಯಾ?" ಎಂದು ನೀವು ಕೇಳಿದರೆ ಅವರು ಇನ್ನೆಲ್ಲಿಗೂ ಹೋಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾಂಕ, ವಿಳಾಸ, ಹೇಳಿದ ಸಮಯ, ಹೇಳಿದ ದುಡ್ಡು. ಇಷ್ಟು ಸಾಕು.

ಹಂತ 7: ವಾಟ್ಸ್ಆ್ಯಪ್ ಬ್ಯುಸಿನೆಸ್

ಈಗ ಹಲವರು ಕರೆ ಮಾಡುವುದೇ ಇಲ್ಲ, ಮೆಸೇಜ್ ಹಾಕುತ್ತಾರೆ. ಈ ಆ್ಯಪ್‌ನಲ್ಲಿ ಮೂರು ಸೌಲಭ್ಯ ಸಾಕು. ಮೊದಲ ಸಲ ಮೆಸೇಜ್ ಮಾಡಿದವರಿಗೆ ತಾನಾಗಿ ಹೋಗುವ ಸ್ವಾಗತದ ಮಾತು. ಕೆಲಸದ ಹೊತ್ತು ಮುಗಿದ ಮೇಲೆ ಹೋಗುವ ಉತ್ತರ. ಪದೇ ಪದೇ ಬರೆಯುವುದನ್ನು ಒಮ್ಮೆ ಬರೆದಿಟ್ಟು, ಸ್ಲ್ಯಾಶ್ ಗುರುತು ಒತ್ತಿ ಕಳಿಸುವ ತ್ವರಿತ ಉತ್ತರ. ವಾಲ್ವ್ ಮುಚ್ಚುವ ವಿಧಾನವನ್ನು ಇದರಲ್ಲಿ ಹಾಕಿಡಿ, ಬೇಕಾದರೆ ನಿಮ್ಮದೇ ಫೋಟೊ ಸಮೇತ.

ಹೀಗೆ ಬರೆಯಬಹುದು: "ನಮಸ್ಕಾರ. ಈಗ ಕೆಲಸದಲ್ಲಿದ್ದೇನೆ. ನೀರು ಹರಿಯುತ್ತಿದ್ದರೆ ದಯವಿಟ್ಟು ಕರೆ ಮಾಡಿ. ಇಲ್ಲದಿದ್ದರೆ ವಿಳಾಸ ಮತ್ತು ಫೋಟೊ ಕಳಿಸಿ, ಒಂದು ಗಂಟೆಯೊಳಗೆ ಸಮಯ ತಿಳಿಸುತ್ತೇನೆ."

ನೆನಪಿಡಿ, ಈ ತಾನಾಗಿ ಹೋಗುವ ಉತ್ತರ ನಿಮ್ಮ ಫೋನಿಗೆ ಇಂಟರ್ನೆಟ್ ಇದ್ದಾಗ ಮಾತ್ರ ಹೋಗುತ್ತದೆ. ಮಾಮೂಲಿ ಮಿಸ್ಡ್ ಕಾಲಿಗೆ ಹೋಗುವುದಿಲ್ಲ. ಅದಕ್ಕೆ ಕರೆ ಬರುವಾಗಲೇ ತಿರಸ್ಕರಿಸಿ ಎಸ್ಎಂಎಸ್ ಕಳಿಸುವ ಆಯ್ಕೆ ಫೋನಿನಲ್ಲಿ ಇರುತ್ತದೆ. ಅದರ ಒಳಗಿನ ಸಿದ್ಧ ವಾಕ್ಯವನ್ನು ಕನ್ನಡದಲ್ಲಿ ಬದಲಾಯಿಸಿಕೊಳ್ಳಿ.

ಹಂತ 8: ರಾತ್ರಿ ಕರೆ

ಬೋರ್ಡಿನಲ್ಲಿ "24 ಗಂಟೆ ಸೇವೆ" ಎಂದು ಬರೆಸಿ ಹತ್ತಕ್ಕೆ ಫೋನ್ ಆಫ್ ಮಾಡುವವರು ತುಂಬ ಜನ. ಮಾಡುವುದಿಲ್ಲ ಎಂದರೆ ಬರೆಸಬೇಡಿ, ಗೂಗಲ್‌ನಲ್ಲೂ ಸರಿಯಾದ ಸಮಯ ಹಾಕಿ. ಮಾಡುತ್ತೀರಿ ಎಂದರೆ ರಾತ್ರಿಗೆ ಬೇರೆ ರೇಟ್ ಇಟ್ಟು ಮೊದಲೇ ಹೇಳಿ. ನಡುದಾರಿಯೊಂದಿದೆ: ರಾತ್ರಿ ಎತ್ತಿ ವಾಲ್ವ್ ಮುಚ್ಚಿಸಿ, ಬೆಳಗ್ಗೆ ಏಳಕ್ಕೆ ಹೋಗುವುದು.

ಬೇಗ ಎತ್ತುವವರಿಗೆ ಕಾದಿರುವ ಗುಂಡಿಗಳು

ಎಲ್ಲ ಕರೆಯೂ ಕೆಲಸದ್ದಲ್ಲ. "ನಾನು ಮಿಲಿಟರಿಯವನು, ಕ್ವಾರ್ಟರ್ಸಿನಲ್ಲಿ ಕೆಲಸ ಇದೆ, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂದರೆ ಇಟ್ಟುಬಿಡಿ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸುವುದಕ್ಕೆ. ದುಡ್ಡು ಬರುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ಆನ್‌ಲೈನ್ ಸೇವೆಗಳಿಂದ ಲೀಡ್ (ಕೆಲಸ ಬೇಕೆಂದು ಕೇಳಿದವರ ಹೆಸರು, ನಂಬರ್) ದುಡ್ಡು ಕೊಟ್ಟು ಪಡೆಯುವವರು ಒಂದು ತಿಳಿದುಕೊಳ್ಳಿ. ಒಂದೇ ಲೀಡ್ ಎಷ್ಟೋ ಸಲ ಹಲವು ಪ್ಲಂಬರ್‌ಗಳಿಗೆ ಒಟ್ಟಿಗೇ ಹೋಗುತ್ತದೆ. ಸಂಜೆ ಬಿಡುವಾದ ಮೇಲೆ ಮಾಡುತ್ತೇನೆ ಎನ್ನುವವರು ಈ ಸೇವೆಗೆ ದುಡ್ಡು ಕಟ್ಟುವುದೇ ದಂಡ.

ಇನ್ನು, ನೀವು ಹೋಗದೆ ಬೇರೆಯವರನ್ನು ಕಳಿಸುವುದಾದರೆ ಅವರ ಹೆಸರು, ಫೋಟೊ ಮನೆಯವರಿಗೆ ಮೊದಲೇ ಕಳಿಸಿ. ಮನೆಯಲ್ಲಿ ಒಬ್ಬರೇ ಇರುವವರು ಬಾಗಿಲು ತೆರೆಯಲು ಹೆದರುತ್ತಾರೆ. ಅಪಾರ್ಟ್‌ಮೆಂಟ್ ಗೇಟಿನಲ್ಲೂ ಹೆಸರು ಹೊಂದಬೇಕು.

ಹಂತ 9: ಮತ್ತೆ ಒಂದು ವಾರ ಲೆಕ್ಕ

ಇಷ್ಟು ಮಾಡಿ ಒಂದು ತಿಂಗಳಾದ ಮೇಲೆ ಮೊದಲ ಹಂತದ ನಾಲ್ಕು ಸಂಖ್ಯೆ ಇನ್ನೊಮ್ಮೆ ಬರೆಯಿರಿ. ಹಳೇ ಪುಟದ ಪಕ್ಕ ಇಟ್ಟು ನೋಡಿ. ಇನ್ನೂ ಕರೆ ತಪ್ಪುತ್ತಿದ್ದರೆ ಯಾವ ಹೊತ್ತು ಎಂದು ಹುಡುಕಿ. ಬೆಳಗ್ಗೆ ಏಳರಿಂದ ಒಂಬತ್ತು ಎಂದು ಬಂದರೆ ಆಶ್ಚರ್ಯ ಬೇಡ. ಮನೆಯವರೆಲ್ಲ ಎದ್ದು ನಲ್ಲಿ ತಿರುಗಿಸುವುದು, ಗೀಸರ್ ಹಾಕುವುದು, ಮೋಟರ್ ಬಿಡುವುದು ಆಗಲೇ. ನೀವು ಸ್ನಾನ, ತಿಂಡಿ, ಮಕ್ಕಳನ್ನು ಸ್ಕೂಲಿಗೆ ಬಿಡುವುದು ಎಂದು ಓಡಾಡುವುದೂ ಆಗಲೇ. ಆ ಎರಡು ಗಂಟೆ ಫೋನ್ ಯಾರ ಕೈಯಲ್ಲಿರಬೇಕು ಎಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಮಾತಾಡಿಕೊಳ್ಳಿ. ಜಾಹೀರಾತಿನ ಪ್ರಶ್ನೆ ಇನ್ನೂ ಉಳಿದಿದ್ದರೆ ಆ ಎರಡು ಪುಟ ಹಿಡಿದುಕೊಂಡು ಕೇಳಿ, ಆಗ ಹೇಳುತ್ತೇನೆ.